"ರಿಲಾಕ್ಸ್ ಆಗಮ್ಮ" ಅಂದ್ರೆ ನೋವು ಕಮ್ಮಿ ಆಗುತ್ತಾ? ಹೆರಿಗೆ ವಾರ್ಡಿನ ಸಿಸ್ಟರ್ ಒಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮೇಡಂ, ನಾನು ಚಿಂತಾಮಣಿ ಕಡೆಯವಳು, 24 ವರ್ಷ. ಬಿಎಸ್ಸಿ ನರ್ಸಿಂಗ್ ಮುಗಿಸಿ ಎಂಟು ತಿಂಗಳಿಂದ ಹೆರಿಗೆ ವಾರ್ಡಲ್ಲಿ ಕೆಲಸ ಮಾಡ್ತಿದೀನಿ. ನೈಟ್ ಡ್ಯೂಟೀಲಿ ನಾವಿಬ್ರೇ, ಕೆಲವು ರಾತ್ರಿ ಐದಾರು ಕೇಸ್ ಒಟ್ಟಿಗೆ ಬರುತ್ತೆ. ಮೊನ್ನೆ ಒಬ್ಬಳು ಚೊಚ್ಚಲ ಬಸುರಿ ತುಂಬಾ ಕಿರುಚ್ತಿದ್ಲು, ನಾನು "ರಿಲಾಕ್ಸ್ ಆಗಮ್ಮ, ಉಸಿರು ತಗೋ" ಅಂದೆ. ಅವಳ ಜೊತೆ ಬಂದಿದ್ದ ಅಜ್ಜಿ "ನೀನೇನ್ ಹೆತ್ತಿದೀಯಾ ಹೇಳೋಕೆ?" ಅಂದ್ರು, ಬಾಯಿ ಕಟ್ಟೋಯ್ತು. ಪುಸ್ತಕದಲ್ಲಿ ರಿಲಾಕ್ಸೇಶನ್ ಟೆಕ್ನಿಕ್ಸ್ ಅಂತ ಐದು ಮಾರ್ಕಿಗೆ ಓದಿದ್ದು ನಿಜವಾಗ್ಲೂ ಕೆಲಸ ಮಾಡುತ್ತಾ, ಮಾಡಿದ್ರೆ ನಮ್ಮಂಥ ಕಡೆ ಹೇಗೆ ಮಾಡಿಸೋದು? ಇನ್ನೊಂದು, ನನಗೇ ಪೀರಿಯಡ್ಸ್ ಮೊದಲನೇ ದಿನ ವಿಪರೀತ ಹೊಟ್ಟೆನೋವು, ನೈಟ್ ಡ್ಯೂಟಿ ಇದ್ರೆ ಮಾತ್ರೆ ನುಂಗಿಕೊಂಡು ನಿಂತ್ಕೋತೀನಿ. ಇದು ಸರೀನಾ? ಕಷ್ಟದ ಹೆರಿಗೆ ಆದ್ಮೇಲೆ ನನ್ನ ಕೈ ನಡುಗುತ್ತೆ, ಅದನ್ನ ಯಾರಿಗೂ ಹೇಳಿಲ್ಲ.

ಉತ್ತರ: ನೋಡಮ್ಮ, ನನ್ನ ಮಗಳ ವಯಸ್ಸಿನವಳು, ಅದಕ್ಕೆ ನೀನು ಅಂತಾನೇ ಬರೀತೀನಿ, ಬೇಜಾರು ಮಾಡ್ಕೋಬೇಡ. ಕೋಲಾರ, ಚಿಕ್ಕಬಳ್ಳಾಪುರ ಕಡೆ ವಾರ್ಡುಗಳಲ್ಲಿ ಇಪ್ಪತ್ತು ವರ್ಷದ ಮೇಲೆ ನಿಂತು ಈಗ ತುಮಕೂರಲ್ಲಿ ಹುಡುಗೀರಿಗೆ ಪಾಠ ಹೇಳ್ತಿದೀನಿ. ಆ ಅಜ್ಜಿ ಕೇಳಿದ ಪ್ರಶ್ನೆ ನನಗೂ ಕೇಳಿದಾರೆ, ಮದ್ವೆ ಆಗೋಕ್ ಮುಂಚೆ ಒಂದ್ಸಲ ಅಲ್ಲ ಹತ್ತು ಸಲ. ಆಗೆಲ್ಲ ಸಿಟ್ಟು ಬರೋದು, ಈಗ ಅನ್ಸುತ್ತೆ ಅಜ್ಜಿ ಸಿಟ್ಟಾಗಿದ್ದು ನೀನು ಹೆತ್ತಿಲ್ಲ ಅಂತ ಅಲ್ಲ. ನೀನು ಕೇಸ್ ಶೀಟ್ ಬರೀತಾ ದೂರ ನಿಂತು ಹೇಳಿದ್ಯೇನೋ ಅಂತ ನನ್ನ ಅನುಮಾನ. ನಾವು ನರ್ಸುಗಳು ರಿಲಾಕ್ಸ್ ಅನ್ನೋ ಮಾತನ್ನ "ಸುಮ್ನಿರು" ಅನ್ನೋದ್ರ ಬದಲಿಗೆ ಬಳಸ್ತೀವಿ, ಪೇಷೆಂಟಿಗೆ ಅದು ಗೊತ್ತಾಗುತ್ತೆ. ನೋವು ತಿಂತಿರೋಳಿಗೆ ಸಡಿಲ ಆಗು ಅಂತ ಬಾಯಲ್ಲಿ ಹೇಳಿದ್ರೆ ಅವಳು ಆಗೋಕಾಗಲ್ಲಮ್ಮ, ಅದು ಮೈಗೆ ಕಲಿಸಬೇಕಾದ ಕೆಲಸ, ಈಜು ಕಲಿಸಿದ ಹಂಗೆ. ಬಾವಿಗೆ ಬಿದ್ದಮೇಲೆ ಮೇಲೆ ನಿಂತ್ಕೊಂಡು ಈಜು ಈಜು ಅಂತ ಕೂಗಿದ್ರೆ ಏನು ಪ್ರಯೋಜನ.

ಕೆಲಸ ಮಾಡುತ್ತಾ ಅಂದ್ಯಲ್ಲ, ಮಾಡುತ್ತೆ, ಆದ್ರೆ ಪುಸ್ತಕ ಹೇಳೋವಷ್ಟಲ್ಲ, ಅಜ್ಜಿ ಅಂದ್ಕೊಂಡಷ್ಟು ಕಮ್ಮೀನೂ ಅಲ್ಲ. ಹೆರಿಗೆ ನೋವು ಮೊದಲನೇ ಹಂತದಲ್ಲಿ ಗರ್ಭಕೋಶ ಬಿಗಿದುಕೊಳ್ಳೋದ್ರಿಂದ, ಗರ್ಭಕೋಶದ ಬಾಯಿ ಹಿಗ್ಗೋದ್ರಿಂದ ಬರುತ್ತೆ, ಆ ಸುದ್ದಿ ಬೆನ್ನುಹುರಿಗೆ ಟಿ10ರಿಂದ ಎಲ್1 ವರೆಗಿನ, ಅಂದ್ರೆ ಬೆನ್ನಿನ ನಡುವಿಂದ ಸೊಂಟದ ಮೇಲ್ಭಾಗದವರೆಗಿನ ನರಗಳಲ್ಲಿ ಹೋಗುತ್ತೆ, ಅದಕ್ಕೇ ಹೆಂಗಸರು ಕಿಬ್ಬೊಟ್ಟೆ, ಸೊಂಟ, ತೊಡೆ ಮೇಲ್ಭಾಗ ಎಲ್ಲಾ ಒಟ್ಟಿಗೆ ನೋಯುತ್ತೆ ಅನ್ನೋದು. ಮಗು ಕೆಳಗಿಳಿದ ಮೇಲೆ ನೋವಿನ ಜಾಗಾನೇ ಬೇರೆ, ಎಸ್2ರಿಂದ ಎಸ್4, ಅಂದ್ರೆ ಸೊಂಟದ ಕೆಳಗಿನ ಮೂಳೆಯ ನರಗಳು, ಕಿತ್ತು ಬರೋ ಹಂಗೆ, ಉರಿ ಉರಿ. ಇದ್ಯಾವುದೂ ಮನಸಿನ ಭ್ರಮೆ ಅಲ್ಲ. ಉಸಿರಾಟ ಮಾಡಿಸಿದ್ರೆ ಈ ನೋವು ಮಾಯ ಆಗಲ್ಲ. ಆದ್ರೆ ಇದ್ರ ಮೇಲೆ ಭಯ ಅನ್ನೋ ಇನ್ನೊಂದು ಹೊರೆ ಬಂದು ಕೂರುತ್ತಲ್ಲ, ಅದನ್ನ ಇಳಿಸಬಹುದು. ಹೊಸ ಜಾಗ, ಟ್ಯೂಬ್‌ಲೈಟು, ಪಕ್ಕದ ಟೇಬಲ್ಲಿನವಳ ಕಿರುಚಾಟ, ಮಧ್ಯ ಒಬ್ರು ಬಂದು "ಕಾಲ್ ಅಗಲಿಸೇ" ಅಂತ ಗದರೋದು, ಇಷ್ಟು ಸಾಕು ಮೈಯೆಲ್ಲ ಅಡ್ರಿನಲಿನ್, ಅಂದ್ರೆ ಹೆದರಿಕೆಯ ಹಾರ್ಮೋನು, ಏರೋಕೆ. ಅಡ್ರಿನಲಿನ್ ಜಾಸ್ತಿ ಆದ್ರೆ ಗರ್ಭಕೋಶಕ್ಕೆ ಹೋಗೋ ರಕ್ತ ಕಮ್ಮಿ ಆಗುತ್ತೆ, ಅದು ಬಿಗಿಯೋ ಶಕ್ತೀನೂ ಕುಂದುತ್ತೆ, ಹೆರಿಗೆ ಎಳೀತಾ ಹೋಗುತ್ತೆ, ಎಳೆದಷ್ಟೂ ಸುಸ್ತು, ಸುಸ್ತಾದಷ್ಟೂ ನೋವು ತಡೆಯೋ ಶಕ್ತಿ ಕಮ್ಮಿ. ನೀನೂ ನೋಡಿರ್ತೀಯ, ಮನೇಲಿ ಐದು ನಿಮಿಷಕ್ಕೊಂದು ನೋವು ಬರ್ತಿತ್ತು ಸಿಸ್ಟರ್, ಆಸ್ಪತ್ರೆಗೆ ಬಂದ ಕೂಡ್ಲೆ ನಿಂತೇಹೋಯ್ತು ಅಂತಾರೆ. ಎಷ್ಟೋ ಸಲ ಅದು ಸುಳ್ಳುನೋವಲ್ಲ, ಹೆದರಿಕೆ.

ಇದನ್ನ 1930ರ ದಶಕದಲ್ಲೇ ಗ್ರಾಂಟ್ಲಿ ಡಿಕ್ ರೀಡ್ ಅನ್ನೋ ಇಂಗ್ಲೆಂಡಿನ ಡಾಕ್ಟ್ರು ಭಯ, ಬಿಗಿತ, ನೋವು ಅಂತ ಒಂದು ಚಕ್ರ ಮಾಡಿ ಹೇಳಿದ್ರು, ನಮ್ಮ ಓಬಿಜಿ (ಹೆರಿಗೆ ಮತ್ತು ಸ್ತ್ರೀರೋಗ) ನರ್ಸಿಂಗ್ ಪಾಠದಲ್ಲಿ ಈಗ್ಲೂ ಅದೇ ಚಿತ್ರ. ಚಕ್ರ ಒಳ್ಳೇದೇ, ನನ್ನ ತಕರಾರು ಏನಂದ್ರೆ ಅದನ್ನ ಓದಿದ ನಾವು ಉಲ್ಟಾ ಮಾಡ್ಕೊಂಡ್ವಿ, ನೀನು ಹೆದರಿದ್ದಕ್ಕೇ ನೋಯ್ತಿರೋದು, ತಪ್ಪು ನಿಂದೇ ಅನ್ನೋ ಥರ. ಹೆದರದೇ ಇದ್ರೂ ನೋಯುತ್ತಮ್ಮ, ನಾಲ್ಕು ಹೆತ್ತವಳಿಗೂ ನೋಯುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೊಟ್ಟ ಹೆರಿಗೆ ಆರೈಕೆ ಶಿಫಾರಸಲ್ಲಿ ಉಸಿರಾಟ, ಸ್ನಾಯು ಸಡಿಲಿಸೋದು, ಸಂಗೀತ, ಮಸಾಜು, ಬಿಸಿ ಶಾಖ ಎಲ್ಲಾ ಇದೆ, ಆದ್ರೆ ನೋವು ಕಮ್ಮಿ ಮಾಡಿ ಅಂತ ಕೇಳೋ ಹೆಂಗಸಿಗೆ, ಅವಳ ಇಷ್ಟದ ಪ್ರಕಾರ ಅಂತ ಇದೆ. ಅದೇ ಶಿಫಾರಸಲ್ಲಿ ಬೆನ್ನಿಗೆ ಕೊಡೋ ನೋವಿನ ಇಂಜೆಕ್ಷನ್ ಎಪಿಡ್ಯೂರಲ್ಲೂ ಇದೆ, ಪೆಥಿಡಿನ್ ಥರದ ಇಂಜೆಕ್ಷನ್ನೂ ಇದೆ. ಅಂದ್ರೆ ಔಷಧಿ ಕೊಡದೇ ಇರೋಕೆ ಉಸಿರಾಟ ಒಂದು ನೆಪ ಆಗಬಾರದು.

ಮುಂದಕ್ಕೆ ಹೋಗೋಕ್ ಮುಂಚೆ ನನ್ನದೊಂದು ತಪ್ಪು ಹೇಳ್ಬಿಡ್ತೀನಿ. ಸರ್ವೀಸಿಗೆ ಸೇರಿ ಮೂರ್ನಾಲ್ಕು ವರ್ಷ ಆಗಿತ್ತು, ಯಾವ ಊರು ಯಾವ ಆಸ್ಪತ್ರೆ ಬೇಡ. ಹೆರಿಗೆ ಆಗಿ ಎರಡು ಗಂಟೆ, ಹೊಲಿಗೆ ಹಾಕಿದ್ರು, ಬಾಣಂತಿ ಕೆಳಗೆ ತುಂಬಾ ನೋಯ್ತಿದೆ ಸಿಸ್ಟರ್ ಅಂತ ಮೂರು ಸಲ ಕರೆದ್ಲು. ನಾನು ಮೂರು ಸಲಾನೂ ಹೊಲಿಗೆ ಅಂದ್ಮೇಲೆ ನೋಯ್ದೇ ಇರುತ್ತಾ, ಉಸಿರು ಎಳಕೊಂಡು ರಿಲಾಕ್ಸ್ ಆಗು, ಮಗೂಗೆ ಹಾಲು ಕೊಡು ಅಂದೆ. ಸೀರೆ ಸರಿಸಿ ನೋಡ್ಲೇ ಇಲ್ಲ. ನಾಲ್ಕನೇ ಸಲ ಕರೆದಿದ್ದು ಅವಳಲ್ಲ, ಅವಳಮ್ಮ, ಮಗಳ ಮುಖ ಬೆಳ್ಳಗಾಗಿದೆ ಅಂತ. ಹೋಗಿ ನೋಡಿದ್ರೆ ಒಂದು ಕಡೆ ನಿಂಬೆಹಣ್ಣಿನ ಗಾತ್ರ ಊದಿ ನೇರಳೆ ಬಣ್ಣಕ್ಕೆ ತಿರುಗಿ ಚರ್ಮ ಮಿರಿಮಿರಿ ಅಂತಿದೆ, ನಾಡಿ 120ರ ಮೇಲಿದೆ. ಹೆಮಟೋಮ. ಒಳಗೆ ರಕ್ತ ಕಟ್ಕೊಂಡಿತ್ತು, ಥಿಯೇಟರಿಗೆ ತಗೊಂಡು ಹೋಗಿ ಬಿಡಿಸಿ ಮತ್ತೆ ಹೊಲಿದು ರಕ್ತ ಹಾಕಿದ್ರು, ದೇವರ ದಯೆ ಉಳಕೊಂಡ್ಲು. ಹೊರಗಡೆ ಬ್ಲೀಡಿಂಗ್ ಒಂದು ಹನಿ ಜಾಸ್ತಿ ಕಾಣಿಸಿರಲಿಲ್ಲ, ನೋವೊಂದೇ ಕೂಗಿ ಹೇಳ್ತಿದ್ದಿದ್ದು, ಅದನ್ನೇ ನಾನು ಸುಮ್ನಿರಿಸೋಕೆ ಹೋಗಿದ್ದೆ.

ಅದಕ್ಕೆ ನನ್ನ ಹುಡುಗೀರಿಗೆ ನಾನು ಮೊದಲು ಹೇಳೋದು ನೋಡು, ಮುಟ್ಟು, ಆಮೇಲೆ ಸಮಾಧಾನ ಹೇಳು ಅಂತ. ಹೆರಿಗೆ ನೋವು ಅಲೆ ಥರ, ಬರುತ್ತೆ, ಏರುತ್ತೆ, ಇಳಿಯುತ್ತೆ, ಮಧ್ಯ ಹೊಟ್ಟೆ ಮೆತ್ತಗಾಗುತ್ತೆ. ಮಧ್ಯದಲ್ಲೂ ಬಿಡದೇ ನೋಯ್ತಿದ್ರೆ, ಹೊಟ್ಟೆ ಹಲಗೆ ಹಂಗೆ ಗಟ್ಟಿ ಇದ್ರೆ, ರಕ್ತ ಹೋದ್ರೂ ಹೋಗದಿದ್ರೂ, ಮಾಸು ಕಳಚಿರಬಹುದು. ಹಿಂದೆ ಸಿಸೇರಿಯನ್ ಆದವಳಿಗೆ ಜೋರು ನೋವು ಬಂದು ಇದ್ದಕ್ಕಿದ್ದಂಗೆ ನಿಂತು ನಾಡಿ ಓಡ್ತಿದ್ರೆ ಅದು ರಿಲಾಕ್ಸ್ ಆಗಿರೋದಲ್ಲ, ಗರ್ಭಕೋಶ ಹರಿದಿರಬಹುದು. ಇನ್ನೊಂದು ನಮ್ಮ ಕಡೆ ತುಂಬಾ ಆಗೋದು, ಎದೆಗುಂಡಿ ಕೆಳಗೆ ನೋವು ಅಂತಾಳೆ, ಮನೆಯವರು ರಾತ್ರಿ ಮುದ್ದೆ ಜೊತೆ ಹುರುಳಿ ಸಾರು ತಿಂದಿದ್ಲು ಗ್ಯಾಸ್ಟ್ರಿಕ್ ಆಗಿದೆ ಅಂತಾರೆ, ನಾವೂ ಹೂಂ ಅಂತ ಒಂದು ರಾನಿಟಿಡಿನ್ನೋ ಪ್ಯಾಂಟಪ್ರಜೋಲೋ ಕೊಟ್ಟು ಮಲಗಿಸ್ತೀವಿ. ಬಿಪಿ ನೋಡು ಮೊದಲು. 140/90 ಮುಟ್ಟಿದ್ರೆ ಇಲ್ಲಾ ದಾಟಿದ್ರೆ, ತಲೆನೋವಿದ್ರೆ, ಕಣ್ಣು ಮಂಜು ಅಂದ್ರೆ, ಅದು ಪ್ರಿಎಕ್ಲಾಂಪ್ಸಿಯಾ, ಬಸುರಲ್ಲಿ ಬಿಪಿ ಏರೋ ಅಪಾಯದ ಕಾಯಿಲೆ, ಇರಬಹುದು, ಡಾಕ್ಟ್ರನ್ನ ಎಬ್ಬಿಸು, ಬೈದ್ರೆ ಬೈಸ್ಕೋ, ಫಿಟ್ಸ್ ಬಂದ್ಮೇಲೆ ಮ್ಯಾಗ್ನೀಷಿಯಂ ಇಂಜೆಕ್ಷನ್ ಹುಡುಕೋದಕ್ಕಿಂತ ಬೈಸಿಕೊಳ್ಳೋದು ವಾಸಿ.

ಸರಿ, ಇದೆಲ್ಲ ನೋಡಿ ಆಯ್ತು, ನೋವು ಮಾಮೂಲಿ ಹೆರಿಗೆ ನೋವೇ, ಈಗ ಏನ್ ಮಾಡಿಸ್ತೀಯ? ಉಸಿರು ತಗೋ ಅಂದೆ ಅಂದ್ಯಲ್ಲ, ಅಲ್ಲೇ ಎಡವಟ್ಟು. ನೋವಲ್ಲಿ ಇರೋಳಿಗೆ ತಗೋ ಅಂದ್ರೆ ಅವಳು ಬೇಗ ಬೇಗ ತಗೋತಾ ಹೋಗ್ತಾಳೆ, ಹತ್ತು ನಿಮಿಷಕ್ಕೆ ಕೈ ಜೋಮು, ಬಾಯಿ ಸುತ್ತ ಜುಂ, ತಲೆ ತಿರುಗುತ್ತೆ, ಬೆರಳು ಸೆಟೆದುಕೊಳ್ಳುತ್ತೆ, ಅವಳು ಲಕ್ವ ಹೊಡೀತು ಅಂತ ಇನ್ನೂ ಹೆದರ್ತಾಳೆ. ಮೈಯಲ್ಲಿ ಕಾರ್ಬನ್ ಡೈಆಕ್ಸೈಡ್ ಕಮ್ಮಿ ಆಗಿ ಹಂಗಾಗೋದು. ಅದಕ್ಕೆ ಬಿಡು ಅನ್ನು. ಬಿಡೋದು ಉದ್ದ ಆದ್ರೆ ತಗೊಳ್ಳೋದು ತಾನಾಗೇ ಆಗುತ್ತೆ, ನಿಧಾನಕ್ಕೆ ಉಸಿರು ಬಿಡುವಾಗ ಎದೆಬಡಿತಾನೂ ಇಳಿಯುತ್ತೆ, ಇದು ವೇಗಸ್ ನರದ ಕೆಲಸ. ಶಿಡ್ಲಘಟ್ಟದ ಕಡೆಯಿಂದ ಒಬ್ಬಳು ಬಂದಿದ್ಲು ನಂಗೆ ಇನ್ನೂ ಕಣ್ಣಲ್ಲಿದೆ, ರೇಷ್ಮೆ ರೀಲಿಂಗ್ ಮಾಡೋಳು, ಬಿಸಿನೀರಲ್ಲಿ ಗೂಡು ಆಡಿಸಿ ಆಡಿಸಿ ಬೆರಳ ತುದಿ ಎಲ್ಲಾ ಬೆಂದು ಬಿಳಿಚಿಕೊಂಡಿತ್ತು, ಐವಿ ಹಾಕೋಕೆ ಕೈ ಹಿಡಿದಾಗ ನೋಡಿದ್ದು. ಗರ್ಭಕೋಶದ ಬಾಯಿ ಆರು ಸೆಂಟಿಮೀಟರ್ ಬಿಟ್ಟಿತ್ತು, ಏನ್ ಹೇಳಿದ್ರೂ ಕೇಳ್ತಿರಲಿಲ್ಲ. ನಂಗೆ ಏನ್ ತೋಚ್ತೋ, ಗೂಡಿಂದ ನೂಲು ಎಳ್ದಂಗೆ ಉಸಿರು ಬಿಡಮ್ಮ, ಸಣ್ಣಗೆ, ಕಡೀಬಾರ್ದು ನೋಡು ಅಂದೆ. ಬಾಯಿ ಸಣ್ಣಕ್ಕೆ ಮಾಡಿ ಬಿಟ್ಲು. ಮುಂದಿನ ನೋವಿಗೆ ನಾನು ಹೇಳೋಕ್ ಮುಂಚೇನೇ ಬಲಗೈ ಎರಡು ಬೆರಳು ನೂಲು ಹಿಡಿದ ಹಂಗೆ ಮಾಡ್ಕೊಂಡು ತಾನೇ ಶುರು ಮಾಡಿದ್ಲು. ಪ್ರತಿ ಹೆಂಗಸಿಗೂ ಅವಳ ಕೆಲಸದಲ್ಲಿ ಇಂಥದ್ದೊಂದು ಇರುತ್ತೆ, ಒಲೆ ಊದೋಳಿಗೆ ಊದುಗೊಳವೆ, ಅದನ್ನ ಹುಡುಕು.

ಭಾಷೆ ಇನ್ನೊಂದು ವಿಷ್ಯ. ನಿಮ್ಮ ಚಿಂತಾಮಣಿ, ಬಾಗೇಪಲ್ಲಿ, ಇತ್ತ ಮುಳಬಾಗಿಲು ಕಡೆ ಅರ್ಧ ಜನ ಮನೇಲಿ ತೆಲುಗು, ನೋವಲ್ಲಿ ಇರೋಳಿಗೆ ಕಲಿತ ಕನ್ನಡ ಮರೆತೇ ಹೋಗುತ್ತೆ. "ಊಪಿರಿ ಮೆಲ್ಲಗಾ ವದಲಮ್ಮಾ", ಉಸಿರು ಮೆಲ್ಲಗೆ ಬಿಡಮ್ಮ, ಅಂತ ತೆಲುಗಲ್ಲೇ ಹೇಳಿ ನೋಡು, ಮುಖ ತಿರುಗಿಸಿ ನಿನ್ನ ಕಡೆ ನೋಡ್ತಾಳೆ. ರಿಲಾಕ್ಸ್, ಡೀಪ್ ಬ್ರೀತ್ ಇವೆಲ್ಲ ನಮ್ಮ ಎಗ್ಜಾಮಿಗೆ ಇರಲಿ. ಮತ್ತೆ ಲೆಕ್ಕ ಹೇಳು ಅವಳಿಗೆ. ಒಂದು ನೋವು 40ರಿಂದ 60 ಸೆಕೆಂಡು, ಅಂದ್ರೆ ಉದ್ದಕ್ಕೆ ಬಿಟ್ರೆ ಆರೇ ಆರು ಉಸಿರು. ಆರು ಬಿಟ್ರೆ ಇದು ಹೋಗುತ್ತೆ ಅಂತ ಬೆರಳು ಮಡಿಸಿ ಜೊತೇಲಿ ಎಣಿಸು, ನಾಲ್ಕಕ್ಕೆ ಬಂದಾಗ ಇಳಿಯೋಕೆ ಶುರು ಆಗಿರುತ್ತೆ, ಅವಳಿಗೇ ಗೊತ್ತಾಗುತ್ತೆ. ಹತ್ತು ನಿಮಿಷಕ್ಕೆ ಮೂರು ನೋವು ಅಂದ್ರೆ ಮೂರು ನಿಮಿಷ ನೋವು ಏಳು ನಿಮಿಷ ಬಿಡುವು, ಆ ಏಳು ನಿಮಿಷಾನ ಮುಂದಿನ ನೋವಿಗೆ ಹೆದರ್ತಾ ಕಳೀತಾರೆ ಪಾಪ, ಆಗ ಭುಜದ ಮೇಲೆ ಕೈಯಿಟ್ಟು ಇಲ್ಲಿ ಇಳಿಸು, ಹಲ್ಲು ಬಿಡು, ಮುಷ್ಟಿ ಬಿಡು ಅಂತ ಒಂದೊಂದೇ ಜಾಗ ಹೇಳ್ಬೇಕು. ಕಿರುಚೋರನ್ನ ಕಿರುಚಬೇಡ ಅನ್ನಬೇಡ, ದನಿ ಕೆಳಗಿಳಿಸು ಅನ್ನು, ಹೂಂ ಅಂತ ಎದೆಯಿಂದ ನರಳಿದ್ರೆ ಉಸಿರು ತಾನೇ ಉದ್ದ ಆಗುತ್ತೆ, ಹಳೇ ಕಾಲದ ಹೆಂಗಸರು ಹಂಗೇ ನರಳ್ತಿದ್ದಿದ್ದು.

ಇನ್ನು ಆ ಅಜ್ಜಿ. ನೀವಿಬ್ರೇ ಇರೋ ವಾರ್ಡಲ್ಲಿ ಆರು ಜನಕ್ಕೆ ಆರು ಉಸಿರು ಎಣಿಸೋಕೆ ಎಲ್ಲಾಗುತ್ತೆ, ನಂಗೂ ಗೊತ್ತು, ಹೆರಿಗೆ ಮುಂದುವರಿಯೋದನ್ನ ಗುರುತಿಸೋ ಪಾರ್ಟೋಗ್ರಾಫ್ ಬರೀಬೇಕು, ಮಗು ಎದೆಬಡಿತ (ಎಫ್‌ಎಚ್‌ಎಸ್) ಕೇಳ್ಬೇಕು, ತಾಯಿ ಕಾರ್ಡು ಎಂಟ್ರಿ, ಆನ್‌ಲೈನ್ ಎಂಟ್ರಿ, 108ರಲ್ಲಿ ಇನ್ನೊಬ್ಬಳು ಬರ್ತಿದಾಳೆ. ಅದಕ್ಕೇ ಜೊತೆಗಾತಿ ಬೇಕು. ಹೆರಿಗೆ ಕೋಣೆ ಆರೈಕೆ ಸುಧಾರಿಸೋಕೆ ಸರ್ಕಾರ 2017ರಲ್ಲಿ ಶುರು ಮಾಡಿದ ಲಕ್ಷ್ಯ ಕಾರ್ಯಕ್ರಮದಲ್ಲೂ ಹೆರಿಗೆ ಕೋಣೇಲಿ ಜೊತೆಗೊಬ್ರು ಇರಬೇಕು, ಗೌರವದಿಂದ ನಡೆಸ್ಕೋಬೇಕು ಅಂತ ಇದೆ. ಹೆರಿಗೆ ಪೂರ್ತಿ ಒಬ್ರು ಜೊತೇಲಿ ಇದ್ರೆ ಹೆರಿಗೆ ಹೊತ್ತು ಕಮ್ಮಿ ಆಗುತ್ತೆ, ಸಿಸೇರಿಯನ್ ಕಮ್ಮಿ, ನೋವಿನ ಔಷಧಿ ಬೇಕಾಗೋದೂ ಕಮ್ಮಿ, ಇದಕ್ಕೆ ಉಸಿರಾಟಕ್ಕಿಂತ ಗಟ್ಟಿ ಪುರಾವೆ ಇದೆ. ನಾವೇನ್ ಮಾಡ್ತೀವಿ, ಅಜ್ಜೀನ ಹೊರಗೆ ಕಳಿಸ್ತೀವಿ, ಅಜ್ಜಿ ಬಾಗಿಲ ಸಂದೀಲಿ ಇಣುಕಿ ಬೈತಾರೆ. ಮುಂದಿನ್ ಸಲ ನೀನ್ ಹೆತ್ತಿದೀಯಾ ಅಂದ್ರೆ "ಇಲ್ಲ ಅಜ್ಜೀ, ನೀವು ಹೆತ್ತಿದೀರಲ್ಲ, ಬನ್ನಿ, ಇಲ್ಲಿ ಒತ್ತಿ" ಅಂತ ಒಳಗೆ ಕರೆದು ಕೈಗೆ ಕೆಲಸ ಕೊಡು. ಸೊಂಟದ ಕೆಳಗೆ, ಎರಡು ಗುಳಿ ಇರುತ್ತಲ್ಲ ಅದ್ರ ಮಧ್ಯದ ಮೂಳೆ ಮೇಲೆ, ಅಂಗೈ ಬುಡ ಇಟ್ಟು ನೋವು ಬಂದಾಗ ಗಟ್ಟಿಯಾಗಿ ಒತ್ತಿ ಹಿಡೀಬೇಕು, ಉಜ್ಜೋದಲ್ಲ, ಮುದ್ದೆ ಮಾಡುವಾಗ ಕೋಲಿನ ಮೇಲೆ ಹಾಕ್ತೀವಲ್ಲ ಆ ಬಲ, ನೋವು ಇಳಿದ್ಮೇಲೆ ಬಿಡಬೇಕು. ಮಗು ಬೆನ್ನು ಹಿಂದಕ್ಕೆ ಹಾಕ್ಕೊಂಡಿರೋ ಕೇಸಲ್ಲಿ ಇದ್ರಷ್ಟು ಸುಖ ಬೇರೆ ಯಾವುದ್ರಲ್ಲೂ ಇಲ್ಲ ಅಂತಾರೆ. ಒತ್ತಿದ ಸುದ್ದಿ ಹೊತ್ತು ಬರೋ ದಪ್ಪ ನರಗಳು ನೋವಿನ ಸುದ್ದಿಗೆ ಬೆನ್ನುಹುರಿಯಲ್ಲೇ ಬಾಗಿಲು ಹಾಕುತ್ತವೆ ಅಂತ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಹೇಳಿದ ಗೇಟ್ ಥಿಯರಿ ಇದೇ, ಓದಿರ್ತೀಯ. ಅಜ್ಜಿಗೆ ಥಿಯರಿ ಬೇಡ, ಕೈ ಗೊತ್ತಿರುತ್ತೆ. ಒಂದೇ ಎಚ್ಚರ, ಅಜ್ಜೀನೇ ಆಗಲಿ ಆಯಾನೇ ಆಗಲಿ ಹೊಟ್ಟೆ ಮೇಲಿಂದ ಒತ್ತೋಕೆ ಬಿಡಬೇಡ, ಮಗು ಬೇಗ ಬರ್ಲಿ ಅಂತ ಮೇಲಿಂದ ನೂಕೋದು ಬೇಡವೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ, ನಮ್ಮಲ್ಲಿ ಇನ್ನೂ ನಿಂತಿಲ್ಲ.

ಮಲಗಿಸಿ ಇಡಬೇಡ, ಓಡಾಡಲಿ, ಮಂಚದ ಕಂಬಿ ಹಿಡಿದು ಬಗ್ಗಲಿ, ಎಡಕ್ಕೆ ತಿರುಗಲಿ. ಅಂಗಾತ ಮಲಗಿದ್ರೆ ನಮಗೆ ಅನುಕೂಲ, ಅವಳಿಗಲ್ಲ.

ಪಿವಿ, ಅಂದ್ರೆ ಯೋನಿಯೊಳಗೆ ಕೈಹಾಕಿ ಪರೀಕ್ಷೆ ಮಾಡೋದ್ರಲ್ಲೂ ನರ್ಸಿಂಗ್ ಇದೆ. ನೋವು ಇರುವಾಗ್ಲೇ ಕೈ ಹಾಕಿ, ಅವಳು ತೊಡೆ ಬಿಗಿ ಹಿಡಿದ್ರೆ ಗದರೋದು, ಇದನ್ನ ನಾನೂ ಮಾಡಿದೀನಿ ಅಂತ ನಾಚಿಕೆ ಬಿಟ್ಟು ಹೇಳ್ತೀನಿ. ಸ್ಕ್ರೀನ್ ಎಳಿ, ಏನ್ ಮಾಡ್ತೀನಿ ಅಂತ ಹೇಳು, ನೋವು ಇಳಿಯೋವರೆಗೂ ಕಾಯಿ, ಉಸಿರು ಬಿಡುವಾಗ ಮಾಡು, ನಿಲ್ಲಿಸು ಅಂದ್ರೆ ನಿಲ್ಲಿಸು. ಕಾಪರ್ ಟಿ ಹಾಕುವಾಗ್ಲೂ, ಗರ್ಭಕೋಶದ ಬಾಯಿ ಕ್ಯಾನ್ಸರ್ ನೋಡೋ ವಿಐಎ ಟೆಸ್ಟಿಗೂ ಇದೇ. ಸೆಕೆಂಡ್ ಸ್ಟೇಜಲ್ಲಿ ಬಿಸಿನೀರಲ್ಲಿ ಅದ್ದಿ ಹಿಂಡಿದ ಸ್ಟೆರೈಲ್ ಪ್ಯಾಡ್ ಕೆಳಗೆ ಒತ್ತಿ ಹಿಡಿದ್ರೆ ಉರಿ ಕಮ್ಮಿ, ದೊಡ್ಡದಾಗಿ ಹರಿಯೋದೂ ಕಮ್ಮಿ ಆಗುತ್ತೆ, ಖರ್ಚು ಏನಿಲ್ಲ, ಶಾಖ ಮಾತ್ರ ನಿನ್ನ ಮುಂಗೈ ಮೇಲೆ ನೋಡ್ಕೊಂಡು ಇಡು.

ಔಷಧಿ ವಿಷಯ ಒಂದು ಮಾತು. ಡ್ರೋಟಿನ್, ಬಸ್ಕೋಪಾನ್ ಹಾಕಿದೀವಿ ನೋವು ಕಮ್ಮಿ ಆಗುತ್ತೆ ಅಂತ ಪೇಷೆಂಟಿಗೆ ಹೇಳ್ಬೇಡ. ಅವನ್ನ ಹಾಕೋದು ಗರ್ಭಕೋಶದ ಬಾಯಿ ಬೇಗ ಬಿಡಲಿ ಅನ್ನೋ ಲೆಕ್ಕದಲ್ಲಿ, ನೋವಿನ ಔಷಧಿ ಅಂತ ಅಲ್ಲ, ಹೆರಿಗೆ ತಡ ಆಗದಿರಲಿ ಅಂತ ಅದನ್ನ ಎಲ್ಲರಿಗೂ ಹಾಕೋದನ್ನೂ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಲ್ಲ. ಅವಳು ನಿಜಕ್ಕೂ ತಡ್ಕೊಳ್ಳೋಕೆ ಆಗ್ತಿಲ್ಲ ಅಂದ್ರೆ ಡಾಕ್ಟ್ರಿಗೆ ಹೇಳು, ಟ್ರಮಡಾಲ್, ಪೆಥಿಡಿನ್ ಕೊಡೋದು ಅವರ ತೀರ್ಮಾನ. ಪೆಥಿಡಿನ್ ಕೊಟ್ಟ ಟೈಮ್ ದೊಡ್ಡಕ್ಷರದಲ್ಲಿ ಬರಿ, ಮಗು ಮಂಪರಾಗಿ ಉಸಿರು ತಡ ಮಾಡಬಹುದು, ಉಸಿರು ಕೊಡೋ ಅಂಬು ಬ್ಯಾಗ್ ಪಕ್ಕದಲ್ಲಿರಲಿ.

ಪುಸ್ತಕದ ಐದು ಮಾರ್ಕಿನ ಜೇಕಬ್ಸನ್ ಟೆಕ್ನಿಕ್ ಇದೆಯಲ್ಲ, ಎಡ್ಮಂಡ್ ಜೇಕಬ್ಸನ್ ಅನ್ನೋ ಅಮೆರಿಕಾದ ಡಾಕ್ಟ್ರು 1920ರ ದಶಕದಲ್ಲಿ ಹೇಳಿಕೊಟ್ಟಿದ್ದು, ಒಂದೊಂದೇ ಸ್ನಾಯು ಬಿಗಿ ಹಿಡಿದು ಬಿಡೋದು. ಒಳ್ಳೆ ಟೆಕ್ನಿಕ್ಕು, ಆದ್ರೆ ಏಳು ಸೆಂಟಿಮೀಟರ್ ಆಗಿರೋಳಿಗೆ ಹೊಸದಾಗಿ ಕಲಿಸೋಕೆ ಹೋಗಬೇಡ, ಒದ್ದರೂ ಒದೀತಾಳೆ. ಅದು ಆರೇಳನೇ ತಿಂಗಳಲ್ಲಿ ಕಲಿಸೋದು. ಪ್ರತಿ ತಿಂಗಳು 9ನೇ ತಾರೀಕು ಬಸುರಿಯರ ಚೆಕಪ್ ಇರುತ್ತಲ್ಲ, 2016ರಿಂದ ನಡೀತಿರೋ ಸುರಕ್ಷಿತ್ ಮಾತೃತ್ವ ಅಭಿಯಾನ, ಸ್ಕ್ಯಾನಿಂಗಿಗೆ ಬೆಂಚ್ ಮೇಲೆ ಎರಡೆರಡು ಗಂಟೆ ಕೂತಿರ್ತಾರೆ. ಅಲ್ಲಿ ಹೋಗಿ ಹತ್ತು ನಿಮಿಷ ನಿಂತ್ಕೋ. ಎರಡೂ ಮುಷ್ಟಿ ಗಟ್ಟಿ ಹಿಡೀರಿ, ಐದು ಎಣಿಸಿ, ಈಗ ಬಿಡಿ, ಬಿಟ್ಟಾಗ ಅಂಗೈ ಬೆಚ್ಚಗೆ ಭಾರ ಆಯ್ತಲ್ಲ, ಅದನ್ನ ಇಪ್ಪತ್ತು ಎಣಿಸೋವರೆಗೂ ಗಮನಿಸಿ. ಆಮೇಲೆ ಭುಜ ಕಿವಿ ತನಕ ಎತ್ತಿ ಬಿಡೋದು, ಹಣೆ ಗಂಟು ಹಾಕಿ ಬಿಡೋದು, ದವಡೆ, ತೊಡೆ, ಕಾಲ್ಬೆರಳು. ಹೊಟ್ಟೆ ಬಿಗಿಸೋದು ಬೇಡ. ಮೀನಖಂಡಾನ ಜಾಸ್ತಿ ಬಿಗಿದ್ರೆ ಬಸುರಿಯರಿಗೆ ಬೇಗ ಸೆಳೆತ ಬರುತ್ತೆ, ಅದನ್ನ ಹಗುರಕ್ಕೆ ಮಾಡಿಸು. ಮೊದಲನೇ ಸಲ ಎಲ್ರೂ ಸೆರಗು ಬಾಯಿಗಿಟ್ಕೊಂಡು ನಗ್ತಾರೆ. ನಗಲಿ ಬಿಡು, ನಕ್ಕಮೇಲೂ ಭುಜ ಇಳಿಯುತ್ತೆ. ಮನೇಲಿ ರಾತ್ರಿ ಮಲಗುವಾಗ ಮಾಡಿ ಅಂತ ಆಶಾ ಕಾರ್ಯಕರ್ತೆಗೂ ಹೇಳಿಕೊಡು, ಅವರು ಮನೆಗೆ ಹೋದಾಗ ನೆನಪು ಮಾಡ್ತಾರೆ. ಎರಡು ತಿಂಗಳು ಮಾಡಿದವಳಿಗೆ ಹೆರಿಗೆ ಕೋಣೇಲಿ "ಮುಷ್ಟಿ ಬಿಡು" ಅಂದ್ರೆ ಸಾಕು, ಮೈ ಅರ್ಥ ಮಾಡ್ಕೊಳ್ಳುತ್ತೆ.

ಈಗ ನಿನ್ನ ಕೈ ನಡುಕ. ಯಾರಿಗೂ ಹೇಳಿಲ್ಲ ಅಂದ್ಯಲ್ಲ, ಅದು ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಿನಗೂ ಅದೇ ಅಡ್ರಿನಲಿನ್ನು ತಂಗಿ, ಮೇಲೆ ನೋಡಿದೆವಲ್ಲ ಅದೇ. ಪಿಪಿಹೆಚ್, ಅಂದ್ರೆ ಹೆರಿಗೆ ನಂತರದ ವಿಪರೀತ ರಕ್ತಸ್ರಾವ, ಆಗಿ ರಕ್ತ ಹೋಗ್ತಿರುವಾಗ ನಿನ್ನ ಮೈ ಓಡೋಕೆ ಹೊಡೆದಾಡೋಕೆ ರೆಡಿ ಆಗಿರುತ್ತೆ, ಕೆಲಸ ಮುಗಿದ ಮೇಲೆ ಉಳಿದಿದ್ದು ನಡುಕ ಆಗಿ ಹೊರಗೆ ಬರುತ್ತೆ. ಹೇಡಿತನ ಅಲ್ಲ. ಗ್ಲೌಸ್ ಬಿಚ್ಚಿ ಕೈ ತೊಳೆಯುವಾಗ ಇನ್ನೊಂದು ನಿಮಿಷ ಜಾಸ್ತಿ ನಿಂತ್ಕೋ, ನೀರು ತಣ್ಣಗಿರೋದನ್ನ ಗಮನಿಸಿ ಆರು ಉಸಿರು ಬಿಡು, ನೀರು ಕುಡಿ, ಆಮೇಲೆ ಕೇಸ್ ಶೀಟ್ ಹಿಡಿ. ಆ ರಾತ್ರಿ ಜೊತೇಲಿದ್ದವಳ ಹತ್ರ ಏನಾಯ್ತು ಅಂತ ಐದು ನಿಮಿಷ ಮಾತಾಡು, ತಪ್ಪು ಹುಡುಕೋಕಲ್ಲ, ಸುಮ್ನೆ ಆಗಿದ್ದು ಆಗಿದ್ದಂಗೆ. ನಮ್ಮ ಕಾಲದಲ್ಲಿ ಇದನ್ನ ಚಹಾ ಕುಡೀತಾ ಮಾಡ್ತಿದ್ವಿ, ಹೆಸರಿರಲಿಲ್ಲ. ಆದ್ರೆ ವಾರಗಟ್ಟಲೆ ನಿದ್ದೆ ಬರ್ತಿಲ್ಲ, ಆ ದೃಶ್ಯವೇ ಕಣ್ಣಿಗೆ ಬರ್ತಿದೆ, ಡ್ಯೂಟಿಗೆ ಹೋಗೋ ಬಸ್ಸು ಹತ್ತುವಾಗ್ಲೇ ವಾಂತಿ ಬಂದಂಗಾಗುತ್ತೆ ಅಂದ್ರೆ ಉಸಿರಾಟ ಸಾಲಲ್ಲ, 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮತ್ತೆ ಇದನ್ನೂ ಹೇಳ್ಬೇಕು, ಇಬ್ಬರು ನರ್ಸಿಗೆ ಆರು ಹೆರಿಗೆ ಅನ್ನೋದು ರಿಲಾಕ್ಸೇಶನ್ನಿಂದ ಬಗೆಹರಿಯೋ ಸಮಸ್ಯೆ ಅಲ್ಲ. ನರ್ಸುಗಳಿಗೆ ಸ್ಟ್ರೆಸ್ ಮ್ಯಾನೇಜ್ಮೆಂಟ್ ಕ್ಲಾಸ್ ಇಡೋರಿಗೆ ನಾನು ಯಾವಾಗ್ಲೂ ಕೇಳೋದು, ಮೂರನೇ ಸಿಸ್ಟರ್ ಯಾವಾಗ ಕೊಡ್ತೀರಿ ಅಂತ.

ಕೊನೇಗೆ ನಿನ್ನ ಹೊಟ್ಟೆನೋವು. ಮುಟ್ಟಿನ ಹೊತ್ತಲ್ಲಿ ಗರ್ಭಕೋಶದ ಒಳಪದರದಿಂದ ಪ್ರೊಸ್ಟಾಗ್ಲಾಂಡಿನ್ ಬಿಡುಗಡೆ ಆಗುತ್ತೆ, ಅದು ಜಾಸ್ತಿ ಇದ್ದೋರಿಗೆ ಗರ್ಭಕೋಶ ಗಟ್ಟಿಯಾಗಿ ಹಿಂಡುತ್ತೆ, ರಕ್ತ ಓಡಾಟ ಕಮ್ಮಿ ಆಗಿ ನೋಯುತ್ತೆ, ವಾಂತಿ ಭೇದಿ ಆಗೋದೂ ಅದ್ರಿಂದಾನೇ. ಮೆಫೆನಾಮಿಕ್ ಆಸಿಡ್ಡು, ಐಬುಪ್ರೊಫೇನು ಆ ಪ್ರೊಸ್ಟಾಗ್ಲಾಂಡಿನ್ ತಯಾರಾಗೋದನ್ನೇ ತಡೆಯೋದು. ಅದಕ್ಕೇ, ಆ ಪ್ರೊಸ್ಟಾಗ್ಲಾಂಡಿನ್ ತಯಾರಾಗಿ ಹೊಟ್ಟೆ ಹಿಂಡೋಕೆ ಶುರುವಾದ ಮೇಲೆ, ರಾತ್ರಿ ಎರಡು ಗಂಟೆಗೆ ತಡ್ಕೊಳ್ಳೋಕಾಗದೇ ಒಂದು ನುಂಗಿದ್ರೆ ಅರ್ಧ ಪ್ರಯೋಜನ ಅಷ್ಟೆ. ಕಲೆ ಕಾಣಿಸಿದ ಕೂಡ್ಲೆ, ಊಟ ಮಾಡ್ಕೊಂಡು ಶುರು ಮಾಡಿ, ಡಾಕ್ಟ್ರು ಹೇಳಿದ ಡೋಸಲ್ಲಿ ಟೈಮಿಗೆ ಸರಿಯಾಗಿ ಎರಡು ಮೂರು ದಿನ ತಗೋಬೇಕು. ನೀನು ತಗೊಳ್ಳೋದು ಮೆಫ್ಟಾಲ್ ಸ್ಪಾಸ್ ಇರಬೇಕು, ಎಲ್ಲಾ ಹುಡುಗೀರ ಬ್ಯಾಗಲ್ಲೂ ಅದೇ. ಅದ್ರಲ್ಲಿ ಡೈಸೈಕ್ಲೋಮಿನ್ನೂ ಇರುತ್ತೆ, ಬಾಯಿ ಒಣಗುತ್ತೆ, ಕೆಲವರಿಗೆ ಮಂಪರು, ಕಣ್ಣು ಮಂಜು. ರಾತ್ರಿ ಮೂರು ಗಂಟೇಲಿ ಗರ್ಭಕೋಶ ಬಿಗಿಸೋ ಆಕ್ಸಿಟೋಸಿನ್ ಇಂಜೆಕ್ಷನ್ ಲೋಡ್ ಮಾಡೋಳಿಗೆ ಅದು ಬೇಕಾ? ಬರೀ ಮೆಫೆನಾಮಿಕ್ ಸಾಕಾಗುತ್ತಾ ಅಂತ ಡಾಕ್ಟ್ರನ್ನ ಕೇಳು. ಅಲ್ಸರ್, ಕಿಡ್ನಿ ತೊಂದರೆ, ಇಂಥ ಮಾತ್ರೆಗೆ ಹೆಚ್ಚಾಗೋ ಉಬ್ಬಸ ಇದ್ರೆ ಮುಟ್ಟಬೇಡ. 2023ರಲ್ಲಿ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ನು ಮೆಫೆನಾಮಿಕ್ಕಿಂದ ಡ್ರೆಸ್ ಅನ್ನೋ ಅಲರ್ಜಿ ಬರಬಹುದು ಅಂತ ಎಚ್ಚರಿಕೆ ಕೊಟ್ಟಿತ್ತು, ಅಪರೂಪ, ಆದ್ರೂ ಮಾತ್ರೆ ಶುರು ಮಾಡಿ ಕೆಲವು ವಾರದಲ್ಲಿ ಜ್ವರ, ಮೈಮೇಲೆ ದದ್ದು, ಗಂಟಲ ಗಡ್ಡೆ ಊತ ಬಂದ್ರೆ ನಿಲ್ಲಿಸಿ ತೋರಿಸು.

ಬಿಸಿನೀರಿನ ಚೀಲ ನಿಜಕ್ಕೂ ಕೆಲಸ ಮಾಡುತ್ತೆ, ಸುಡೋವಷ್ಟು ಬೇಡ, ಕಿಬ್ಬೊಟ್ಟೆ ಮೇಲೆ ಬಲೆ ಬಲೆ ಥರ ಕಂದು ಗುರುತು ಬಿದ್ದಿದ್ರೆ ಶಾಖ ಜಾಸ್ತಿ ಆಗಿದೆ ಅಂತ ಅರ್ಥ. ತಿಂಗಳ ಉಳಿದ ದಿನ ನಡಿಗೆ, ಆ ಮುಷ್ಟಿ ಬಿಗಿದು ಬಿಡೋ ಅಭ್ಯಾಸ ನಿನಗೂ ಆಗುತ್ತೆ, ಬರೀ ಪೇಷೆಂಟಿಗಲ್ಲ. ಮುಟ್ಟಿನ ರಜೆಗೆ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರಲ್ಲಿ ವರ್ಷಕ್ಕೆ 12 ದಿನ ಸಂಬಳ ಸಮೇತ ಅಂತ ಒಪ್ಪಿಗೆ ಕೊಟ್ಟಿತು, ನಿಮ್ಮಲ್ಲಿ ಹೇಗೆ ಜಾರಿ ಅಂತ ಆಫೀಸಲ್ಲಿ ಕೇಳು. ಇಬ್ಬರಲ್ಲಿ ಒಬ್ಬಳು ರಜಾ ಹಾಕಿದ್ರೆ ಇನ್ನೊಬ್ಬಳ ಗತಿ ಏನು ಅಂತ ನಿನಗೆ ಅನ್ಸುತ್ತೆ ಗೊತ್ತು, ಆ ತಲೆನೋವು ರೋಸ್ಟರ್ ಹಾಕೋರದ್ದು, ನಿಂದಲ್ಲ.

ಒಂದು ಮಾತ್ರ ತಪ್ಪದೇ ಮಾಡು. ಡೈರೀಲಿ ಮೂರು ತಿಂಗಳು ಬರಿ. ನೋವು ಯಾವ ದಿನ ಶುರು, ಮುಟ್ಟಿಗೆ ಎಷ್ಟು ದಿನ ಮುಂಚೆ, ಹತ್ತರಲ್ಲಿ ಎಷ್ಟು, ಎಷ್ಟು ಮಾತ್ರೆ, ಎಷ್ಟು ಪ್ಯಾಡು, ಮೋಷನ್ ಹೋಗುವಾಗ ನೋಯುತ್ತಾ, ಮುಟ್ಟು ಮುಗಿದ ಮೇಲೂ ಉಳೀತಾ. ಮೊದಲನೇ ಒಂದೆರಡು ದಿನ ಇದ್ದು ಮಾತ್ರೆಗೆ ಬಗ್ಗಿದ್ರೆ ಮಾಮೂಲಿ. ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗ್ತಿದ್ರೆ, ಎರಡು ಮೂರು ದಿನ ಮುಂಚೆಯೇ ಶುರು ಆಗಿ ಮಾತ್ರೆಗೂ ಬಗ್ಗದಿದ್ರೆ ಎಂಡೋಮೆಟ್ರಿಯೋಸಿಸ್, ಅಂದ್ರೆ ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯೋ ಕಾಯಿಲೆ, ಇರಬಹುದು, ಪ್ರಪಂಚದಲ್ಲಿ ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 10 ಜನಕ್ಕೆ ಇರುತ್ತೆ, ಸ್ಕ್ಯಾನಿಂಗ್ ನಾರ್ಮಲ್ ಬಂದ್ರೂ ಇಲ್ಲ ಅಂತ ಹೇಳೋಕಾಗಲ್ಲ. ನಿಮ್ಮ ಆಸ್ಪತ್ರೆ ಡಾಕ್ಟ್ರ ಹತ್ರ ಹೇಳೋಕೆ ಸಂಕೋಚ ಆದ್ರೆ ಕೋಲಾರಕ್ಕೋ ಚಿಕ್ಕಬಳ್ಳಾಪುರಕ್ಕೋ ಹೋಗಿ ಬೇರೆ ಗೈನಕಾಲಜಿಸ್ಟ್ ಹತ್ರ ತೋರಿಸು, ಡೈರಿ ತಗೊಂಡು ಹೋಗು, ಅವರು ಮದ್ವೆ ಆದ್ರೆ ಸರಿಹೋಗುತ್ತೆ ಅಂದ್ರೆ ಎದ್ದು ಬಂದು ಇನ್ನೊಬ್ರ ಹತ್ರ ಹೋಗು. ಮೂರು ತಿಂಗಳ ಲೆಕ್ಕ ಬರೆದಾದ ಮೇಲೆ ಮತ್ತೆ ಬರಿ, ನೋಡೋಣ.